ರೇಷನ್ ಕಾರ್ಡ್ ಹೆಸರಲ್ಲಿ ಮೋಸ: ಅಮ್ಮನ ಹೆಬ್ಬೆಟ್ಟೇ ಪಿನ್ ನಂಬರ್, ಅದನ್ನ ಕಾಯೋದು ಹೇಗೆ?

ಇಂಥದ್ದೊಂದು ಮೆಸೇಜ್ ನಿಮ್ಮ ಮನೆಯವರ ವಾಟ್ಸಾಪ್‌ಗೂ ಬಂದಿರಬಹುದು: ಇವತ್ತೇ ಇ-ಕೆವೈಸಿ ಮಾಡದಿದ್ರೆ ನಿಮ್ಮ ಬಿಪಿಎಲ್ ಕಾರ್ಡ್ ರದ್ದು, ಕೆಳಗಿನ ಲಿಂಕ್ ಒತ್ತಿ. ನೀವು ನಕ್ಕು ಡಿಲೀಟ್ ಮಾಡ್ತೀರಿ. ಅಮ್ಮ ಮಾಡಲ್ಲ, ಹೆದರ್ತಾರೆ. ಅದಕ್ಕೆ ಕಾರಣವೂ ಇದೆ. 2024ರ ನವೆಂಬರ್‌ನಲ್ಲಿ ಕರ್ನಾಟಕದಲ್ಲಿ ಅನರ್ಹ ಕಾರ್ಡ್‌ಗಳನ್ನ ತೆಗೆಯೋಕೆ ಹೋದಾಗ ಅರ್ಹರ ಕಾರ್ಡ್‌ಗಳೂ ಹೋದವು, ಆಮೇಲೆ ಸರ್ಕಾರ ಅವನ್ನ ಸರಿಪಡಿಸಬೇಕಾಯ್ತು. ಈ ಭಯವೇ ವಂಚಕರ ಬಂಡವಾಳ.

ಹಾಗಾದ್ರೆ ಬಚಾವಾಗೋದು ಹೇಗೆ? ಮೊದಲು ರೇಷನ್ ಕಾರ್ಡ್ ಹೇಗೆ ಕೆಲಸ ಮಾಡುತ್ತೆ ಅಂತ ತಿಳ್ಕೊಳ್ಳೋಣ. ಅದು ಗೊತ್ತಾದ್ರೆ ಅರ್ಧ ಮೋಸ ತಾನಾಗೇ ಬಯಲಾಗುತ್ತೆ.

ಎಟಿಎಂ ಕಾರ್ಡ್‌ಗೆ ಪಿನ್ ಇದೆ. ರೇಷನ್ ಕಾರ್ಡ್‌ಗೆ ಹೆಬ್ಬೆಟ್ಟೇ ಪಿನ್. ನ್ಯಾಯಬೆಲೆ ಅಂಗಡಿಯ ಇ-ಪಾಸ್ ಯಂತ್ರದ ಮೇಲೆ ಬೆರಳಿಟ್ಟರೆ ಅದು ಆಧಾರ್ ಜೊತೆ ಹೋಲಿಕೆಯಾಗಿ, ಧಾನ್ಯ ಕೊಟ್ಟಿದ್ದು ದಾಖಲಾಗುತ್ತೆ. ಇ-ಕೆವೈಸಿ ಕೂಡ ಅದೇ ಅಂಗಡಿಯಲ್ಲಿ, ಬೆರಳಚ್ಚು ಕೊಟ್ಟು ಮಾಡಿಸಬಹುದು. ಅದಕ್ಕೆ ಶುಲ್ಕ ಇಲ್ಲ. ಅಂದ್ರೆ ಫೋನ್ ಮಾಡಿ ಒಟಿಪಿ ಕೇಳುವವರಿಗೂ ನಿಮ್ಮ ಕಾರ್ಡ್‌ಗೂ ಯಾವ ಸಂಬಂಧವೂ ಇಲ್ಲ. ಬೆರಳು ಸವೆದ ಹಿರಿಯರಿಗೆ ಕೆಲವು ಕಡೆ ಒಟಿಪಿ ಮೂಲಕ ರೇಷನ್ ಕೊಡ್ತಾರೆ, ನಿಜ. ಆದ್ರೆ ಆಗ ನೀವು ಅಂಗಡಿಯಲ್ಲೇ, ಯಂತ್ರದ ಮುಂದೆ ನಿಂತಿರ್ತೀರಿ.

ಮೋಸ ನಡೆಯೋದು ಮೂರು ಕಡೆ

ಒಂದು, ಫೋನ್‌ನಲ್ಲಿ. ಮೆಸೇಜ್ ಜೊತೆ ಬರೋದು ಹೆಚ್ಚಾಗಿ ಲಿಂಕ್ ಅಥವಾ ಎಪಿಕೆ ಫೈಲ್. ಅದನ್ನ ಇನ್‌ಸ್ಟಾಲ್ ಮಾಡಿ ಎಸ್ಸೆಮ್ಮೆಸ್ ಓದೋ ಅನುಮತಿ ಕೊಟ್ರೆ, ಬ್ಯಾಂಕಿನ ಒಟಿಪಿ ನೇರವಾಗಿ ವಂಚಕನ ಕೈಗೆ. ಅವನಿಗೆ ನಿಮ್ಮ ಅಕ್ಕಿ ಬೇಡ. ಕಾರ್ಡ್ ಬರೀ ಗಾಳ, ಮೀನು ಅಂದ್ರೆ ಅಕೌಂಟ್. ಸರ್ಕಾರಿ ಆ್ಯಪ್ ಬೇಕಿದ್ರೆ ಪ್ಲೇ ಸ್ಟೋರ್‌ನಲ್ಲಿ ಹುಡುಕಿ, ಮಾಡಿದ್ದು ಯಾರು ಅಂತ ನೋಡಿ. ವೆಬ್‌ಸೈಟ್ ವಿಳಾಸ ಡಾಟ್ ಗವ್ ಡಾಟ್ ಇನ್ ಅಥವಾ ಡಾಟ್ ಎನ್‌ಐಸಿ ಡಾಟ್ ಇನ್ ಅಂತ ಮುಗಿಯುತ್ತಾ ನೋಡಿ.

ಎರಡು, ಮನೆ ಬಾಗಿಲಲ್ಲಿ. ಸಣ್ಣ ಸ್ಕ್ಯಾನರ್ ಹಿಡಿದು, ರೇಷನ್ ಕೆವೈಸಿ ಮಾಡ್ತೀವಿ ಅಂತ ಯಾರಾದ್ರೂ ಬಂದ್ರೆ ಹುಷಾರ್. ಆಧಾರ್ ಮೂಲಕ ಹಣ ತೆಗೆಯೋ ಎಇಪಿಎಸ್ ವ್ಯವಸ್ಥೆಗೆ ಬೇಕಿರೋದು ಆಧಾರ್ ನಂಬರ್, ಬ್ಯಾಂಕ್ ಹೆಸರು, ಬೆರಳಚ್ಚು. ಪಿನ್ನೂ ಬೇಡ, ಒಟಿಪಿಯೂ ಬೇಡ. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ದಾಖಲೆಗಳಲ್ಲಿದ್ದ ಬೆರಳಚ್ಚು ನಕಲು ಮಾಡಿ ಜನರ ಖಾತೆಯಿಂದ ಹಣ ಎಗರಿಸಿದ ಪ್ರಕರಣಗಳು ಹೊರಬಂದವು.

ಮೂರು, ಅಂಗಡಿಯಲ್ಲೇ. ಬೆರಳು ಒತ್ತಿಸ್ಕೊಂಡು, ಸರ್ವರ್ ಇಲ್ಲ, ಸ್ಟಾಕ್ ಇಲ್ಲ, ನಾಳೆ ಬನ್ನಿ ಅಂತಾರೆ. ಆದ್ರೆ ದಾಖಲೆಯಲ್ಲಿ ನೀವು ಧಾನ್ಯ ತಗೊಂಡಾಗಿದೆ! ಹಾಗಾಗಿ ರಸೀದಿ ಕೇಳಿ. ಆಹಾರ ಭದ್ರತಾ ಕಾಯ್ದೆ ಪ್ರಕಾರ ಆದ್ಯತಾ ಕುಟುಂಬದ ಪ್ರತಿ ಸದಸ್ಯನಿಗೆ ತಿಂಗಳಿಗೆ 5 ಕೆ.ಜಿ. ಧಾನ್ಯ, ಅಂತ್ಯೋದಯ ಕುಟುಂಬಕ್ಕೆ ಒಟ್ಟು 35 ಕೆ.ಜಿ. ಅಂದ್ರೆ ನಾಲ್ಕು ಜನರ ಬಿಪಿಎಲ್ ಮನೆಗೆ 20 ಕೆ.ಜಿ., ರಾಜ್ಯದ ಪಾಲು ಅದರ ಮೇಲೆ. ರಸೀದಿಯಲ್ಲಿರೋದೂ ಚೀಲದಲ್ಲಿರೋದೂ ಒಂದೇನಾ ಅಂತ ನೋಡಿ. ವ್ಯತ್ಯಾಸ ಇದ್ರೆ 1967ಕ್ಕೆ ಕರೆ ಮಾಡಿ, ಅಥವಾ ತಹಶೀಲ್ದಾರ್ ಕಚೇರಿಯ ಆಹಾರ ಶಾಖೆಗೆ ದೂರು ಕೊಡಿ. ಆ ಅಂಗಡಿ ಬೇಡ ಅನ್ನಿಸಿದ್ರೆ ಬೇರೆ ನ್ಯಾಯಬೆಲೆ ಅಂಗಡಿಯಲ್ಲೂ ರೇಷನ್ ತಗೊಳ್ಳಬಹುದು.

ಬೆರಳಿಗೂ ಬೀಗ ಹಾಕಬಹುದು

ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಅಂತ ಒಂದು ಸೌಲಭ್ಯ ಇದೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಕೈಯಲ್ಲಿದ್ರೆ ಸಾಕು. ಲಾಕ್ ಆದ್ಮೇಲೆ ಯಾರೇ ನಕಲಿ ಬೆರಳಚ್ಚು ಬಳಸಿದ್ರೂ ನಡೆಯಲ್ಲ. ಆದ್ರೆ ಒಂದು ಮಾತು ನೆನಪಿರಲಿ: ಲಾಕ್ ಇದ್ರೆ ರೇಷನ್ ಅಂಗಡಿಯಲ್ಲೂ ಬೆರಳು ಹತ್ತಲ್ಲ. ರೇಷನ್ ತರೋ ದಿನ ಕ್ಯೂನಲ್ಲಿ ನಿಂತಾಗ ತಾತ್ಕಾಲಿಕವಾಗಿ ತೆಗೆಯಬೇಕು. ಇದನ್ನ ಹೇಳದೆ ಅಜ್ಜಿಯ ಆಧಾರ್ ಲಾಕ್ ಮಾಡಿ ನೀವು ಬೆಂಗಳೂರಿನ ಬಸ್ ಹತ್ತಿದ್ರೆ, ಅಜ್ಜಿ ಖಾಲಿ ಚೀಲ ಹಿಡಿದು ಮನೆಗೆ ಬರ್ತಾರೆ. ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಅನ್ನೋ 6 ತಿಂಗಳ ಹಿಸ್ಟರಿಯನ್ನೂ ಅಲ್ಲೇ ನೋಡಬಹುದು.

ಹಣ ಹೋಗೇಬಿಟ್ರೆ?

ತಡ ಮಾಡದೆ 1930ಕ್ಕೆ ಕರೆ ಮಾಡಿ. ಹಣ ಇನ್ನೂ ದಾರಿಯಲ್ಲಿದ್ರೆ ತಡೆಹಿಡಿಯೋ ಅವಕಾಶ ಇರುತ್ತೆ. ಬ್ಯಾಂಕಿಗೂ ಬರವಣಿಗೆಯಲ್ಲಿ ತಿಳಿಸಿ. ನಿಮ್ಮ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಬೇರೆಯವರು ಹಣ ತೆಗೆದಿದ್ದು 3 ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದ್ರೆ ಆ ನಷ್ಟ ಗ್ರಾಹಕರದ್ದಲ್ಲ ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಒಟಿಪಿ ನೀವೇ ಕೊಟ್ಟಿದ್ರೆ ಮಾತ್ರ, ಬ್ಯಾಂಕಿಗೆ ತಿಳಿಸೋವರೆಗಿನ ನಷ್ಟ ನಿಮ್ಮ ತಲೆ ಮೇಲೆ. ಹಾಗಾಗಿ ನಾಚಿಕೆ ಪಟ್ಕೊಂಡು ಸುಮ್ಮನಿರಬೇಡಿ, ಪ್ರತಿ ನಿಮಿಷಕ್ಕೂ ಬೆಲೆ ಇದೆ.

ಈ ಎಪಿಸೋಡ್ ಲಿಂಕ್ ಮನೆಗೆ ಫಾರ್ವರ್ಡ್ ಮಾಡಿದ್ರೆ ಸಾಲದು. ಒಂದು ಫೋನ್ ಮಾಡಿ, ಇಷ್ಟು ಹೇಳಿ: ರೇಷನ್ ಕೆಲಸ ಅಂಗಡಿಯಲ್ಲಿ, ಒಟಿಪಿ ಫೋನ್‌ನಲ್ಲಿ ಯಾರಿಗೂ ಬೇಡ, ಬೆರಳು ಒತ್ತಿದ ಮೇಲೆ ರಸೀದಿ ಬಿಡಬೇಡ. ಮತ್ತೆ ಸಿಗೋಣ.