ಎಣ್ಣೆ ಹೊಡೆಯುವ ಡ್ರೋನು: ಕಾಯ್ದೆ ಏನು ಹೇಳ್ತದೆ, ನಮಗೇನು ಬೇಕು?

ಚಾಲಕನಿಲ್ಲದ ಕಾರು ಬಂದರೆ ಡ್ರೈವರ್‌ಗಳ ಹೊಟ್ಟೆ ಮೇಲೆ ಹೊಡೆತ ಬೀಳ್ತದೆ, ಅದಕ್ಕೇ ಅದನ್ನು ನಮ್ಮ ದೇಶದೊಳಗೆ ಬಿಡೋದಿಲ್ಲ ಎಂದು ಕೇಂದ್ರದ ಸಾರಿಗೆ ಮಂತ್ರಿ ನಿತಿನ್ ಗಡ್ಕರಿಯವರು 2017ರಲ್ಲೂ ಹೇಳಿದರು, 2023ರಲ್ಲೂ ಹೇಳಿದರು. ಆದರೆ ಅಂಥದೇ ಯಂತ್ರ ನಮ್ಮ ಹೊಲದ ಮೇಲೆ ಆಗಲೇ ಹಾರುತ್ತಿದೆ. ಹೊಲದ ಮೂಲೆಗಳನ್ನು ಗುರುತು ಮಾಡಿ ಕೊಟ್ಟರೆ ಎಣ್ಣೆ ಹೊಡೆಯುವ ಡ್ರೋನು ತಾನೇ ಸಾಲು ಹಿಡಿದು ಹೋಗಿ ಬರುತ್ತದೆ. ಪೈಲಟ್ ರಿಮೋಟ್ ಹಿಡಿದು ಬದುವಿನ ಮೇಲೆ ನಿಂತಿರುತ್ತಾನೆ. ಹಾಗಾದರೆ ಪಂಪು ಹೊಡೆಯುವ ಆಳಿನ ಹೊಟ್ಟೆಯ ಮಾತೇನು?

ಅನುಕೂಲ ಇದೆ, ಅಪಾಯವೂ ಇದೆ

ಯಂತ್ರ ಬೇಡ ಎನ್ನುವವನು ನಾನಲ್ಲ. ನಮ್ಮ ಕಲಬುರಗಿ ಕಡೆ ಹೂ ಬಿಡುವ ಹೊತ್ತಿಗೆ ತೊಗರಿ ಆಳೆತ್ತರ ಬೆಳೆದಿರುತ್ತದೆ. 16 ಲೀಟರಿನ ಪಂಪು ಬೆನ್ನಿಗೆ ಹಾಕಿಕೊಂಡು ಒಳಗೆ ಹೊಕ್ಕವನ ಮುಖದ ಮೇಲೇ ಎಣ್ಣೆ ಬೀಳ್ತದೆ. ಕಾಯಿ ಕೊರೆಯುವ ಹುಳ ಬಿದ್ದಾಗ ಎಲ್ಲರಿಗೂ ಒಮ್ಮೆಲೇ ಆಳು ಬೇಕು, ಸಿಗೋದಿಲ್ಲ. ಡ್ರೋನು ಸುಮಾರು 10 ಲೀಟರ್ ನೀರಿನಲ್ಲಿ ಒಂದು ಎಕರೆಯನ್ನು ಹತ್ತು ನಿಮಿಷದಲ್ಲಿ ಮುಗಿಸ್ತದೆ. ನೀರು ಹೊತ್ತು ತರುವ ಒಣಬೇಸಾಯದವರಿಗೆ ಇದು ಸಣ್ಣ ಮಾತಲ್ಲ.

ಆದರೆ ನೀರು ಕಡಿಮೆ ಆದಷ್ಟು ಔಷಧ ಗಟ್ಟಿ ಇರುತ್ತದೆ. ಹನಿ ಸಣ್ಣದು, ಗಾಳಿಗೆ ಹಾರ್ತದೆ. ಪಕ್ಕದವರ ಮೇವಿನ ಜೋಳದ ಮೇಲೆ ಬಿದ್ದರೆ ಎತ್ತಿನ ಹೊಟ್ಟೆಗೆ ಹೋಗುತ್ತದೆ. ಹಿಪ್ಪುನೇರಳೆ ಮೇಲೆ ಬಿದ್ದರೆ ರೇಷ್ಮೆಹುಳು ಸಾಯುತ್ತವೆ. ಹೂವಿನ ಹೊತ್ತಲ್ಲಿ ಜೇನಿಗೂ ಕುತ್ತು.

ಕಾಯ್ದೆಯಲ್ಲಿ ಏನಿದೆ?

2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಡ್ರೋನ್ ನಿಯಮಗಳನ್ನು ತಂದಿತು. ಎಣ್ಣೆ ಹೊಡೆಯುವ ಡ್ರೋನಿಗೆ ನೋಂದಣಿ ನಂಬರು ಇರಬೇಕು, ಪೈಲಟ್ ಹತ್ತಿರ ಸರ್ಟಿಫಿಕೇಟ್ ಇರಬೇಕು. ಲಾರಿ, ಟ್ರ್ಯಾಕ್ಟರಿಗೆ ಇದ್ದಂತೆ ಮೂರನೆಯವರಿಗೆ ಆಗುವ ಹಾನಿಗೆ ವಿಮೆಯೂ ಬೇಕು. ವಿಮಾನ ನಿಲ್ದಾಣದ ಸರಹದ್ದಿನಿಂದ 8 ಕಿ.ಮೀ. ಒಳಗಿನ ಹೊಲವಾದರೆ ಬೇರೆ ಅನುಮತಿ ತರಬೇಕು. ನಿಯಮ ಮುರಿದರೆ ಒಂದು ಲಕ್ಷ ರೂಪಾಯಿ ತನಕ ದಂಡ.

ಇದಕ್ಕಿಂತ ಹಳೆಯದು 1971ರ ಕೀಟನಾಶಕ ನಿಯಮ. ಆಕಾಶದಿಂದ ಔಷಧ ಹೊಡೆಯುವ ಮೊದಲು, 24 ಗಂಟೆ ಮುಂಚೆಯೇ ಅಧಿಕಾರಿಗಳ ಮೂಲಕ ಜನರಿಗೆ ತಿಳಿಸಬೇಕು. ಜನ, ದನ ಆ ಜಾಗಕ್ಕೆ ಬರದಂತೆ ತಡೆಯಬೇಕು. ಕೈ ತೊಳೆಯಲು, ಪ್ರಥಮ ಚಿಕಿತ್ಸೆಗೆ ಏರ್ಪಾಡು ಮಾಡಬೇಕು ಎಂದು ಅದರಲ್ಲಿದೆ. ನಮ್ಮ ಕಡೆ ಡಂಗುರ ಸಾರಿದ್ದನ್ನು ನಾನಂತೂ ಕೇಳಿಲ್ಲ. ಪಕ್ಕದ ಹೊಲದವರಿಗೆ ಡ್ರೋನಿನ ಸಪ್ಪಳವೇ ನೋಟಿಸು.

ಹತ್ತನೇ ಕ್ಲಾಸಿನ ಗೋಡೆ

ಪೈಲಟ್ ಆಗಲು ವಯಸ್ಸು 18ರಿಂದ 65, ಮಾನ್ಯತೆ ಪಡೆದ ಕಡೆ ತರಬೇತಿ, ಜೊತೆಗೆ ಹತ್ತನೇ ಕ್ಲಾಸು ಪಾಸು. ನಾನು ಕಲಿತದ್ದು ಏಳನೇ ಕ್ಲಾಸು. ನನ್ನದು ಹೋಗಲಿ, ಇಪ್ಪತ್ತು ವರ್ಷ ಪಂಪು ಹೊಡೆದವನಿಗೆ ಗಾಳಿ ಯಾವಾಗ ಏಳ್ತದೆ, ಹುಳ ಎಲೆಯ ಯಾವ ಮಗ್ಗುಲಲ್ಲಿ ಕೂಡ್ತದೆ ಎಲ್ಲ ಗೊತ್ತು. ಕೆಲಸ ಹೋಗುವುದು ಅವನದೇ, ಹೊಸ ಕೆಲಸಕ್ಕೆ ಬಾಗಿಲು ಮುಚ್ಚಿರುವುದೂ ಅವನಿಗೇ.

ಇದಕ್ಕೆ ದಾರಿ ಇಲ್ಲ ಅಂತಲ್ಲ. ಲಾರಿಯಂಥ ಸಾರಿಗೆ ವಾಹನ ಓಡಿಸಲು ಎಂಟನೇ ಕ್ಲಾಸು ಪಾಸಾಗಿರಬೇಕು ಎಂಬ ನಿಯಮ ಮೊದಲು ಇತ್ತು. ಓದಿಲ್ಲದಿದ್ದರೂ ಕೈ ಪಳಗಿದವರಿಗೆ ಕೆಲಸ ಸಿಗಲಿ ಎಂದು 2019ರಲ್ಲಿ ಸರ್ಕಾರವೇ ಅದನ್ನು ತೆಗೆಯಿತು, ತರಬೇತಿ ಮತ್ತು ಪರೀಕ್ಷೆ ಉಳಿಸಿತು. ಡ್ರೋನ್ ಪೈಲಟ್‌ಗೆ ಪಾಸ್‌ಪೋರ್ಟ್ ಬೇಕೆಂಬ ಷರತ್ತನ್ನೂ 2023ರಲ್ಲಿ ಸಡಿಲ ಮಾಡಿದರು. ಹಾಗೇ ಇದನ್ನೂ ಮಾಡಬಹುದು. ತರಬೇತಿ ಕನ್ನಡದಲ್ಲಿ ಸಿಗಲಿ, ಪರೀಕ್ಷೆ ಬಿಗಿಯಾಗಿಯೇ ಇರಲಿ.

ಸಹಾಯಧನಕ್ಕೆ ಸರ್ಕಾರ ಕೈ ಹಿಡಿದಿಲ್ಲ. 2023ರ ನವೆಂಬರಿನಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನು ಕೊಡಲು 1,261 ಕೋಟಿ ರೂಪಾಯಿ ಮಂಜೂರು ಮಾಡಿತು. ಬೆಲೆಯಲ್ಲಿ ನೂರಕ್ಕೆ 80, ಗರಿಷ್ಠ 8 ಲಕ್ಷ. ಒಳ್ಳೆಯದು. ಯಂತ್ರಕ್ಕೆ ಕೊಟ್ಟ ಮನಸ್ಸನ್ನು ಪಂಪು ಹೊಡೆಯುವವನಿಗೂ ಕೊಡಲಿ.

ಬಾಡಿಗೆಗೆ ಕರೆಯುವ ಮೊದಲು

1. ಡ್ರೋನಿನ ನಂಬರು, ಪೈಲಟ್ ಸರ್ಟಿಫಿಕೇಟ್, ವಿಮೆ ಕಾಗದ ಕಣ್ಣಾರೆ ನೋಡಿ.
2. ಔಷಧ ನಿಮ್ಮ ಬೆಳೆಗೆ, ಡ್ರೋನಿನಲ್ಲಿ ಹೊಡೆಯಲು ಒಪ್ಪಿಗೆ ಇರುವುದೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.
3. ಹಿಂದಿನ ದಿನವೇ ಪಂಚಾಯ್ತಿಗೂ ಸುತ್ತಲಿನ ಹೊಲದವರಿಗೂ ತಿಳಿಸಿ.
4. ಗಾಳಿ ಎದ್ದರೆ ನಿಲ್ಲಿಸಿ. ಬಾಡಿಗೆ ಹೋದರೂ ಹೋಗಲಿ.
5. ಸಣ್ಣ ಸಣ್ಣ ತುಂಡು ಹೊಲ ಇದ್ದವರು ನಾಲ್ಕಾರು ಮಂದಿ ಕೂಡಿ ಒಂದೇ ದಿನ ಹೊಡೆಸಿ. ಯಂತ್ರ ಬಂದು ಹೋಗುವ ಖರ್ಚು ಹಂಚಿ ಹೋಗ್ತದೆ.

ಡ್ರೋನಿಗೆ ದಾರಿ ಗೊತ್ತು, ಬದುವಿನ ಆಚೆ ಯಾರಿದ್ದಾರೆ ಗೊತ್ತಿಲ್ಲ. ಅದನ್ನು ನೋಡುವ ಕೆಲಸ ನಮ್ಮದು, ನೋಡುವಂತೆ ಮಾಡುವ ಕೆಲಸ ಸರ್ಕಾರದ್ದು. ನಿಮ್ಮ ಕಡೆ ಹೇಗೆ ನಡೆದಿದೆ, ಪತ್ರಿಕೆಗೆ ಬರೆಯಿರಿ.