ರಿಪೇರಿಗೆ ಬಿಟ್ಟ ಟ್ರ್ಯಾಕ್ಟರ್: ಜೀವ ಹೋದರೆ ಹೊಣೆ ಯಾರ ತಲೆಗೆ?

ಮದ್ದೂರಿಂದ ಕೆ.ಎಂ. ದೊಡ್ಡಿ ಮೇಲೆ ಮಳವಳ್ಳಿಗೆ ಬರುವ ರಸ್ತೆಯಲ್ಲಿ ಕಬ್ಬಿನ ಕಾಲಕ್ಕೆ ಟ್ರ್ಯಾಕ್ಟರುಗಳದೇ ರಾಜ್ಯ. ನೀರಾವರಿಯವರು ಕಬ್ಬು ಹೇರ್ತಾರೆ. ನಮ್ಮಂಥ ಖುಷ್ಕಿಯವರು ರಾಗಿ, ಹುರುಳಿ ಕೆಲಸ ಮುಗಿಸಿ ಗಾಡಿಯನ್ನು ಬಾಡಿಗೆಗೆ ಓಡಿಸ್ತೇವೆ. ಕ್ಲಚ್ಚೋ ಬ್ರೇಕೋ ಕೈಕೊಟ್ಟಾಗ ಗ್ಯಾರೇಜಿನ ಮುಂದೆ ನಿಲ್ಲಿಸಿ, ಕೀ ಕೊಟ್ಟು, 'ಸಂಜೆ ಬರ್ತೀನಿ, ರೆಡಿ ಮಾಡಿಡಪ್ಪ' ಅಂತ ಹೇಳಿ ಊರಿನ ಬಸ್ಸು ಹತ್ತುವುದು ವಾಡಿಕೆ.

ಆಮೇಲೆ ನಡೆಯೋದನ್ನು ನಾವು ನೋಡೋದಿಲ್ಲ. ಬ್ರೇಕ್ ಹಿಡಿಯುತ್ತೋ ಇಲ್ಲವೋ ಅಂತ ಗ್ಯಾರೇಜಿನ ಹುಡುಗ ಟ್ರಯಲ್ ನೋಡಲು ಗಾಡಿಯನ್ನು ರಸ್ತೆಗೆ ಇಳಿಸ್ತಾನೆ. ಎದುರಿಗೆ ಸೈಕಲ್ಲಿನಲ್ಲಿ ಒಬ್ಬ ಕೂಲಿಯವ ಬರ್ತಾ ಇರ್ತಾನೆ ಅನ್ನಿ. ಒಂದು ಕ್ಷಣ ಸಾಕು. ಅತ್ತ ಒಂದು ಮನೆಯ ದುಡಿಯುವ ಕೈ ಹೋಯಿತು. ಇತ್ತ ಆರ್.ಸಿ. ಪುಸ್ತಕದಲ್ಲಿ ಇರೋದು ನಮ್ಮ ಹೆಸರು. 'ನಾನು ಅಲ್ಲಿ ಇರಲೇ ಇಲ್ಲ ಸ್ವಾಮಿ' ಅಂದರೆ ಕಾನೂನು ಏನನ್ನುತ್ತೆ?

ಜೈಲು ಬೇರೆ, ಪರಿಹಾರ ಬೇರೆ

ಮೊದಲು ಈ ಎರಡನ್ನೂ ಬೇರೆ ಮಾಡಿಕೊಳ್ಳಬೇಕು. ಅಜಾಗರೂಕತೆಯಿಂದ ಸಾವು ತಂದ ಅಪರಾಧ ಗಾಡಿ ಓಡಿಸಿದವನದು. ಮೊದಲು ಇದು ಐಪಿಸಿ 304-ಎ ಕಲಮು, ಎರಡು ವರ್ಷದವರೆಗೆ ಶಿಕ್ಷೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106(1) ಬಂದಿದೆ, ಐದು ವರ್ಷದವರೆಗೆ ಹೋಗಬಹುದು. ರಿಪೇರಿಗೆ ಬಿಟ್ಟ ಮಾತ್ರಕ್ಕೆ ಈ ಕಲಮು ಮಾಲೀಕನಿಗೆ ಅಂಟೋದಿಲ್ಲ.

ಆದರೆ ಹುಡುಗನಿಗೆ ಹದಿನೆಂಟು ತುಂಬಿಲ್ಲದಿದ್ದರೆ ಸಂಗತಿ ಬೇರೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 199-ಎ ಕಲಮಿನ ಪ್ರಕಾರ ಅಪ್ರಾಪ್ತನ ಪೋಷಕರೋ ಗಾಡಿಯ ಮಾಲೀಕನೋ ತಪ್ಪಿತಸ್ಥರು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಒಂದು ವರ್ಷ ಗಾಡಿಯ ನೋಂದಣಿ ರದ್ದು. ತನಗೆ ಗೊತ್ತಿಲ್ಲದೆ ಆಯಿತು ಅಂತ ತೋರಿಸಿಕೊಡುವ ಭಾರವೂ ನಮ್ಮದೇ. ಗ್ಯಾರೇಜುಗಳಲ್ಲಿ ಮೀಸೆ ಮೂಡದ ಹುಡುಗರು ಸ್ಟೇರಿಂಗ್ ಹಿಡಿಯೋದನ್ನು ನಾವೆಲ್ಲ ಕಂಡಿದ್ದೇವೆ.

ಗೋವಾದ ಒಂದು ಕೇಸು

ಇನ್ನು ಪರಿಹಾರದ ಹಣ. ಕೆಲಸಗಾರ ತನ್ನ ಕೆಲಸ ಮಾಡುತ್ತಾ ಮಾಡಿದ ತಪ್ಪಿಗೆ ಗ್ಯಾರೇಜಿನ ಯಜಮಾನ ಹೊಣೆ, ಇದು ಹಳೆಯ ನ್ಯಾಯ. ಆದರೆ ಗ್ಯಾರೇಜಿನವ ನಮ್ಮ ಆಳಲ್ಲ, ಸ್ವತಂತ್ರ ಕಸುಬುದಾರ. ಹಾಗಾದರೆ ನಮ್ಮ ವಿಮೆ ಕಂಪನಿ ಕೊಡಬೇಕೋ ಬೇಡವೋ?

ಈ ಪ್ರಶ್ನೆ ಗೋವಾದಿಂದ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಗುರು ಗೋವೇಕರ್ ಎಂಬುವರು ರಿಪೇರಿಗೆ ಬಿಟ್ಟಿದ್ದ ಗಾಡಿ ಗ್ಯಾರೇಜಿನವರ ಕೈಯಲ್ಲಿದ್ದಾಗ ಫಿಲೋಮಿನಾ ಲೋಬೊ ಎಂಬ ಹೆಣ್ಣುಮಗಳಿಗೆ ಹೊಡೆದು ಗಾಯವಾಯಿತು. 1988ರಲ್ಲಿ ಕೋರ್ಟು ಹೇಳಿದ್ದರ ಸಾರ ಇಷ್ಟು: ಮಾಲೀಕ ತಾನೇ ಓಡಿಸಿದರೂ ಸೈ, ಗ್ಯಾರೇಜಿನವನಿಗೆ ಒಪ್ಪಿಸಿದ್ದರೂ ಸೈ, ಸಾರ್ವಜನಿಕ ಜಾಗದಲ್ಲಿ ಮೂರನೆಯವರಿಗೆ ಗಾಯವೋ ಸಾವೋ ಆದರೆ ಗಾಡಿಯ ವಿಮೆ ಕಂಪನಿ ಕೊಡಬೇಕು. ಗ್ಯಾರೇಜಿನವನೇ ಅಂಥ ಅಪಘಾತಕ್ಕೆ ಬೇರೆ ವಿಮೆ ಮಾಡಿಸಿದ್ದರೆ ಮಾತ್ರ ಲೆಕ್ಕ ಬೇರೆ.

ಅಂದರೆ ನಮ್ಮನ್ನು ಕಾಯೋದು ಥರ್ಡ್ ಪಾರ್ಟಿ ವಿಮೆ. 'ಹೊಲದಲ್ಲಿ ಓಡೋ ಗಾಡಿಗೆ ಯಾಕೆ' ಅಂತ ಅದನ್ನು ಕಟ್ಟದೆ ಬಿಟ್ಟವನ ಪಾಡೇನು? 164ನೇ ಕಲಮಿನ ಪ್ರಕಾರ ಸಾವಾದರೆ ತಪ್ಪು ಯಾರದು ಅಂತ ಕೇಳದೆ ಐದು ಲಕ್ಷ ಕೊಡಬೇಕು, ಮಾಲೀಕ ಇಲ್ಲವೇ ವಿಮೆ ಕಂಪನಿ. 166ನೇ ಕಲಮಿನಲ್ಲಿ ತಪ್ಪು ಸಾಬೀತು ಮಾಡಿ ಕೇಳಿದರೆ, ಸತ್ತವನ ವಯಸ್ಸು, ದುಡಿಮೆ, ನಂಬಿದವರ ಲೆಕ್ಕದ ಮೇಲೆ ಇನ್ನೂ ಜಾಸ್ತಿ ಆಗಬಹುದು. ವಿಮೆ ಇಲ್ಲದಿದ್ದರೆ ಅಷ್ಟು ದುಡ್ಡು ಎಲ್ಲಿಂದ? ಎರಡೆಕರೆ ಖುಷ್ಕಿ ಮಾರಬೇಕಾಗುತ್ತೆ.

ಲೈಸೆನ್ಸ್ ಇಲ್ಲದವ ಓಡಿಸಿದ್ದರೆ? ಸ್ವರಣ್ ಸಿಂಗ್ ಕೇಸಿನಲ್ಲಿ 2004ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ: ಮಾಲೀಕ ಎಚ್ಚರ ತಪ್ಪಿದ ಅಂತ ಕಂಪನಿಯೇ ಸಾಬೀತು ಮಾಡಬೇಕು. ಮಾಡಿದರೂ ನೊಂದವರಿಗೆ ಮೊದಲು ಹಣ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳುವಂತೆ ಆದೇಶವಾಗಬಹುದು. ಆದ್ದರಿಂದ ಎಚ್ಚರ ವಹಿಸಿದ್ದಕ್ಕೆ ನಮ್ಮ ಹತ್ತಿರ ಗುರುತು ಇರಬೇಕು.

ಗಾಡಿ ಬಿಡುವಾಗ

* ವಿಮೆ ಯಾವತ್ತು ಮುಗಿಯುತ್ತೆ ನೋಡಿ. ಟ್ರೈಲರಿನದೂ ನೋಡಿ.
* ಗ್ಯಾರೇಜಿನಿಂದ ಒಂದು ಚೀಟಿ ಬರೆಸಿಕೊಳ್ಳಿ: ತಾರೀಕು, ಗಂಟೆ, ಏನು ರಿಪೇರಿ, ಮೀಟರಿನಲ್ಲಿ ಎಷ್ಟು ಗಂಟೆ.
* 'ಲೈಸೆನ್ಸ್ ಇರುವವರೇ ಟ್ರಯಲ್ ನೋಡಬೇಕು' ಅಂತ ಅದೇ ಚೀಟಿಯಲ್ಲಿ ಬರೆಸಿ. ಆದರೆ ನೀವು ಬಂದ ಮೇಲೇ ಟ್ರಯಲ್ ಆಗಲಿ.
* ಗೇರು ನ್ಯೂಟ್ರಲ್ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು, ರೋಟವೇಟರ್ ನೆಲಕ್ಕಿಳಿಸಿ ಬನ್ನಿ. ಗೇರಿನಲ್ಲಿರುವ ಗಾಡಿ ಸ್ಟಾರ್ಟ್ ಆದರೆ ಮುಂದಕ್ಕೆ ನುಗ್ಗುತ್ತೆ.

ಅನಾಹುತ ಆದ ಮೇಲೆ

ಊರ ಕಡೆ ಎರಡು ಮಾತು ಕೇಳಿ ಬರ್ತವೆ. ಒಂದು, 'ಲೈಸೆನ್ಸ್ ಇರುವವನ ಹೆಸರು ಹೇಳಿಬಿಡಿ.' ಬೇಡ. ಸುಳ್ಳು ಬಯಲಾದರೆ ಕಂಪನಿ ಕೈ ಎತ್ತುತ್ತೆ, ಸುಳ್ಳು ಸಾಕ್ಷಿಯ ಕೇಸು ಮೇಲೆ ಬೀಳುತ್ತೆ, ನಡುವೆ ಸತ್ತವನ ಹೆಂಡತಿ ಮಕ್ಕಳು ಬೀದಿಪಾಲಾಗ್ತಾರೆ. ಎರಡು, 'ಪಂಚಾಯ್ತಿ ಮಾಡಿ ಅಷ್ಟೋ ಇಷ್ಟೋ ಕೊಟ್ಟು ಛಾಪಾ ಕಾಗದಕ್ಕೆ ರುಜು ಹಾಕಿಸೋಣ.' ಹೆಣ ಇನ್ನೂ ಮನೆಯಲ್ಲಿರುವಾಗ ಹಾಕಿಸಿದ ರುಜುವಿನಿಂದ ಆ ಮನೆಗೆ ಸಿಗಬೇಕಾದ ನ್ಯಾಯದ ಹಣಕ್ಕೆ ಅಡ್ಡಿಯಾಗುತ್ತೆ. ತಕ್ಷಣ ಪೊಲೀಸರಿಗೂ ವಿಮೆ ಕಂಪನಿಗೂ ನಡೆದದ್ದನ್ನು ನಡೆದ ಹಾಗೆ ತಿಳಿಸಿ.

ನೊಂದ ಮನೆಯವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಈ ಗಡುವು 2022ರ ಏಪ್ರಿಲ್ 1ರಿಂದ ಬಂದಿದೆ. ಅಪಘಾತ ಬೆಂಗಳೂರಲ್ಲೇ ಆಗಿರಲಿ, ತಾವು ವಾಸವಿರುವ ಕಡೆಯ ನ್ಯಾಯಮಂಡಳಿಗೇ ಹಾಕಬಹುದು. ವಕೀಲರಿಗೆ ದುಡ್ಡಿಲ್ಲ ಅಂತ ಕೂರಬೇಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಡವರಿಗೆ ಉಚಿತ ಕಾನೂನು ನೆರವು ಉಂಟು. ಮಂಡ್ಯದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಮದ್ದೂರು, ಮಳವಳ್ಳಿಗಳಲ್ಲಿ ತಾಲ್ಲೂಕು ಸಮಿತಿ ಇವೆ. ಕೋರ್ಟಿನಲ್ಲೇ ವಿಚಾರಿಸಿ.

ಹಸು ಕೊಳ್ಳುವಾಗ ಹಲ್ಲು ನೋಡುವ ನಾವು, ಲಕ್ಷಗಟ್ಟಲೆ ಬಾಳುವ ಗಾಡಿಯ ಕೀ ಕೊಡುವಾಗ ಕೈ ಯಾರದು ಅಂತ ನೋಡೋದಿಲ್ಲ. ವಿಮೆಯಿಂದ ದುಡ್ಡು ಸಿಗಬಹುದು, ಜೀವ ಸಿಗೋದಿಲ್ಲ.