ಅಂಜುವ ಮರಿಯೂ ಅನ್ಯ ನಾಯಿಗಳೂ

ಮನೆಗೆ ತಂದ ಮೂರು ತಿಂಗಳ ಮರಿಯು ಬೀದಿಯ ನಾಯಿಗಳನ್ನು ಕಂಡೊಡನೆ ಬಾಲವನ್ನು ಮುದುರಿ ಮಂಚದ ಕೆಳಗೆ ನುಸುಳುವುದಾದರೆ, ಆ ಪುಕ್ಕಲುತನವು ಹುಟ್ಟಿನಿಂದ ಬಂದುದೋ, ತಿದ್ದಬಹುದಾದುದೋ ಎಂಬುದು ಕೊಪ್ಪದ ವಾಚಕರೊಬ್ಬರ ಪ್ರಶ್ನೆ. ಅವರ ಮದ್ದೂರು ತಾಲ್ಲೂಕಿನದೇ ಆದ ಆತಕೂರಿನಲ್ಲಿ, ಕ್ರಿ.ಶ. 949-50ರ ಸುಮಾರಿಗೆ, ಕಾಡುಹಂದಿಯೊಡನೆ ಸೆಣಸಿ ಮಡಿದ ಕಾಳಿಯೆಂಬ ಬೇಟೆನಾಯಿಯ ನೆನಪಿಗೆ ಕಲ್ಲು ನಿಂತಿತು. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನು ಮೆಚ್ಚಿದ ಒಡೆಯನಲ್ಲಿ ಬೇಡಿ ಪಡೆದದ್ದು ಆ ನಾಯಿಯನ್ನೇ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕಾಣಸಿಗುವ ಆ ಶಾಸನವು ಕಾಳಿಯ ಮರಣವನ್ನು ಹೇಳುತ್ತದೆಯೇ ಹೊರತು ಅದರ ಶೈಶವವನ್ನಲ್ಲ. ವಿಜ್ಞಾನದ ಕುತೂಹಲವಾದರೋ ಶೈಶವದಲ್ಲಿಯೇ.

ಅಮೆರಿಕದ ಬಾರ್ ಹಾರ್ಬರಿನ ಜಾಕ್ಸನ್ ಪ್ರಯೋಗಾಲಯದಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬಿಬ್ಬರು ಐದು ತಳಿಗಳ ಮರಿಗಳನ್ನು ವರ್ಷಾನುವರ್ಷ ಪರಿಶೀಲಿಸಿ 1965ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ, ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಅವಧಿಯಲ್ಲಿ ಮರಿಯು ಯಾರೊಡನೆ ಬೆರೆಯುವುದೋ ಅವರೇ ಅದಕ್ಕೆ ಸ್ವಜನ. ತಳಿಯ ಪ್ರಭಾವವೂ ಇಲ್ಲದಿಲ್ಲ. ಆದರೆ ತಿಂಗಳು ತುಂಬುವ ಮೊದಲೇ ತಾಯಿಯಿಂದಲೂ ಒಡಹುಟ್ಟಿದವುಗಳಿಂದಲೂ ಬೇರ್ಪಟ್ಟು ಮನುಷ್ಯರ ನಡುವೆ ಒಂಟಿಯಾಗಿ ಬೆಳೆದ ಮರಿಗೆ ಸ್ವಜಾತಿಯೇ ಪರಕೀಯವಾಗುವುದರಲ್ಲಿ ಆಶ್ಚರ್ಯವೇನು?

ಇನ್ನು ಚಿಕಿತ್ಸೆಯ ಮಾತು. ಇದರ ಮೂಲವು ನಾಯಿಯಲ್ಲಿಲ್ಲ, ಪೀಟರನೆಂಬ ಬಾಲಕನಲ್ಲಿದೆ. ಮೂರು ವರ್ಷವೂ ತುಂಬದ ಈ ಹುಡುಗನು ಮೊಲವನ್ನು ಕಂಡರೆ ಬೆದರುತ್ತಿದ್ದನು. ಮೇರಿ ಕವರ್ ಜೋನ್ಸ್ ಎಂಬ ಮನೋವಿಜ್ಞಾನಿ, ಅವನು ಪ್ರಿಯವಾದ ತಿನಿಸನ್ನು ತಿನ್ನುತ್ತಿರುವಾಗ, ಮೊಲವನ್ನು ಅವನ ಊಟಕ್ಕೆ ಭಂಗ ಬಾರದಷ್ಟು ದೂರದಲ್ಲಿರಿಸಿ, ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಸಮೀಪಕ್ಕೆ ತಂದರು. ಕಡೆಗೆ ಹುಡುಗನು ಮೊಲವನ್ನು ಮುದ್ದಿಸುವಂತಾದನು. 1924ರಲ್ಲಿ ಈ ವೃತ್ತಾಂತವನ್ನು ಪ್ರಕಟಿಸುವಾಗ ಆಕೆ ಕೊಟ್ಟ ಎಚ್ಚರಿಕೆ ನನಗೆ ಪ್ರಯೋಗಕ್ಕಿಂತಲೂ ಅಮೂಲ್ಯವಾಗಿ ತೋರುತ್ತದೆ: ಅವಿವೇಕಿಯ ಕೈಯಲ್ಲಿ ಇದೇ ಉಪಾಯವು ತಿರುಗುಬಿದ್ದು, ಮಗುವು ತಿನಿಸನ್ನು ಕಂಡರೇ ಅಂಜುವಂತಾದೀತು.

ಎಳೆಯ ಪೈರಿರುವ ಗದ್ದೆಗೆ ನಾಲೆಯ ನೀರನ್ನು ಹಾಯಿಸುವ ರೈತನು ತೂಬನ್ನು ಒಮ್ಮೆಲೇ ಎತ್ತಿಬಿಡುವುದಿಲ್ಲ. ಇಲ್ಲಿಯೂ ಹಾಗೆಯೇ. ಅನ್ಯ ನಾಯಿಯು ಕಣ್ಣಿಗೆ ಬೀಳಬೇಕು, ಆದರೆ ಮರಿಯು ಕೈಯಿಂದ ತಿನಿಸನ್ನು ತೆಗೆದುಕೊಳ್ಳುವಷ್ಟು ನೆಮ್ಮದಿಯಿಂದಿರಬೇಕು. ಆ ದೂರವೇ ಮೊದಲ ಪಾಠದ ಸ್ಥಳ. ನಾಯಿ ಕಂಡ ಮೇಲೆ ತಿನಿಸು ಬರಬೇಕು, ಮರೆಯಾದೊಡನೆ ನಿಲ್ಲಬೇಕು. ಮರಿಯು ತಿನಿಸನ್ನು ನಿರಾಕರಿಸಿದರೆ, ತುಟಿ ನೆಕ್ಕಿಕೊಂಡರೆ, ನಿದ್ರೆಯಿಲ್ಲದೆ ಆಕಳಿಸಿದರೆ, ಹಿಂದಕ್ಕೆ ಸರಿಯತಕ್ಕದ್ದು. ಮೊದಲ ಪರಿಚಯಕ್ಕೆ ಮಾಂಸದ ಅಂಗಡಿಯ ಮುಂದಿನ ಗುಂಪು ಬೇಡ. ನೆರೆಮನೆಯ ಶಾಂತಸ್ವಭಾವದ, ಲಸಿಕೆಯಾಗಿರುವ ಒಂದು ದೊಡ್ಡ ನಾಯಿ ಸಾಕು.

ಗುಂಪಿನೊಳಕ್ಕೆ ನೂಕಿದರೆ ಧೈರ್ಯ ತಾನಾಗಿ ಬರುವುದೆಂಬ ಹಳಬರ ವಾದವೂ, ಯಜಮಾನನು ತೋಳಗಳ ನಾಯಕನಂತೆ ಗದರಬೇಕೆಂಬ ಹೊಸಬರ ವಾದವೂ ನನಗೆ ಸಮಾನವಾಗಿ ತಿರಸ್ಕಾರ್ಯ. ಎರಡನೆಯದು, ಕೂಡಿಹಾಕಿದ ಅಪರಿಚಿತ ತೋಳಗಳ ಜಗಳವನ್ನು ಕಂಡು ಕಟ್ಟಿದ ಸಿದ್ಧಾಂತ. ಅದನ್ನು ಪ್ರಚುರಪಡಿಸಿದವರಲ್ಲಿ ಒಬ್ಬರಾದ ಡೇವಿಡ್ ಮೆಕ್ ಅವರೇ, ಕಾಡಿನ ತೋಳಗಳ ಹಿಂಡು ತಾಯಿತಂದೆ ಮಕ್ಕಳ ಸಂಸಾರವೆಂದು 1999ರಲ್ಲಿ ತಿದ್ದಿ ಬರೆದರು.

ಮೂರು ತಿಂಗಳಾದ ಮರಿಗೆ ಸುಲಭದ ಕಾಲವು ಬಹುಮಟ್ಟಿಗೆ ಕಳೆದಿದೆ. ಕೆಲಸ ನಿಧಾನವಾದೀತು, ಅಸಾಧ್ಯವಲ್ಲ. ಎಲ್ಲ ನಾಯಿಗಳೊಡನೆ ಅದು ಆಡಬೇಕಾಗಿಲ್ಲ, ನಡುಗದೆ ಹಾದುಹೋದರೆ ಸಾಕು. ಆದರೆ 1978ರ ಸುಮಾರಿಗೆ ಲೋಕಕ್ಕೆ ಹರಡಿದ ಪಾರ್ವೊ ರೋಗವು ಬೀದಿಯ ಮಣ್ಣಿನಲ್ಲಿಯೂ ಇರಬಲ್ಲದಾದ್ದರಿಂದ, ಲಸಿಕೆಯ ಕಂತುಗಳು ಮುಗಿಯುವವರೆಗೆ ಮರಿಯನ್ನು ಎತ್ತಿಕೊಂಡೇ ಬೀದಿಯನ್ನು ತೋರಿಸಿರಿ. ರೇಬೀಸ್ ಲಸಿಕೆಗೆ ಇದೇ ವಯಸ್ಸು, ಪಶುವೈದ್ಯರನ್ನು ಈ ವಾರವೇ ಕಾಣಿರಿ.